ಸಂಗ್ರಹಿಸಿದ್ದು ಯಾರು?

ಕನ್ನಡ ಎಂ.ಎ. ಮುಗಿಸಿದವರನ್ನು ಏನು ಕಲಿತಿರಿ ಎಂದು ಕೇಳಿ ನೋಡಿ. ಹಳಗನ್ನಡದೊಡನೆ ಗುದ್ದಾಡಿದ ರಾತ್ರಿಗಳು, ಸೆಮಿನಾರಿನಲ್ಲಿ ತಿಂದ ಪೆಟ್ಟುಗಳು ಯಾವುವೂ ಅವರ ಬಾಯಿಗೆ ಬರುವುದಿಲ್ಲ. ಬರುವುದು ಕಿರುಪ್ರಬಂಧದ ಶೀರ್ಷಿಕೆ. ರೆಕ್ಸಿನ್ ಹೊದಿಕೆಯ ಮೇಲೆ ಚಿನ್ನದ ಬಣ್ಣದಲ್ಲಿ ಅಚ್ಚಾದ ಆ ಹೆಸರೇ ಪದವಿಯ ತಿರುಳು ಎಂಬ ನಂಬಿಕೆ ಗಟ್ಟಿಯಾಗಿದೆ. ಈ ಕೀರ್ತಿ ಅತಿಯಾಯಿತು ಎಂಬುದು ನನ್ನ ತಕರಾರು. ಬರವಣಿಗೆಯ ಪ್ರಕಾರವಾಗಿ ಕಿರುಪ್ರಬಂಧ ಸೋತಿದೆ. ಅದನ್ನು ಸೋಲಿಸಿದ್ದು ಒಂದು ಕ್ರಿಯಾಪದ. ಬೇರೆಯವರ ಪ್ರಬಂಧ ಹಿಡಿದು ಜರೆಯುವುದು ಸುಲಭವಾದ್ದರಿಂದ ನನ್ನದನ್ನೇ ಮುಂದಿಟ್ಟುಕೊಂಡಿದ್ದೇನೆ.

ವಿಷಯ, ಹೊಸಕೆರೆಹಳ್ಳಿ ಸುತ್ತಮುತ್ತಲ ಸ್ಥಳನಾಮಗಳು. ನಲವತ್ತು ದಾಟಿದ ಮೇಲೆ, ನೌಕರಿಯ ನಡುವೆ ಓದಿದವನಿಗೆ ನಡೆದು ಹೋಗಬಹುದಾದ ವಿಷಯವೇ ಅನುಕೂಲ. ಇಟ್ಟಮಡುವಿನಲ್ಲಿ ಮಡು, ಚಿಕ್ಕಲಸಂದ್ರದಲ್ಲಿ ‘ಸಮುದ್ರ’ ಸವೆದು ಉಳಿದ ‘ಸಂದ್ರ’, ನಮ್ಮೂರಿನಲ್ಲಿ ಕೆರೆ. ನೀರಿನ ಹೆಸರು ಹೊತ್ತ ಹಳ್ಳಿಗಳೆಲ್ಲ ಈಗ ಬಸ್ಸಿನ ಬೋರ್ಡುಗಳು. ಸ್ಥಳನಾಮ ಅಧ್ಯಯನದ ವಿಧಾನ ಓದುಗರಿಗೆ ಗೊತ್ತಿರುವಂಥದ್ದೇ: ರೈಸರ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ, ವರ್ಗೀಕರಣ, ಕೋಷ್ಟಕ. ಅದಿರಲಿ. ಮೂರನೆಯ ಅಧ್ಯಾಯದಲ್ಲಿ ನಾನು ಬರೆದ ಒಂದು ವಾಕ್ಯ ಇದು:

“ಹೊಸಕೆರೆಹಳ್ಳಿಯ ಹಿರಿಯರಿಂದ ಮಾಹಿತಿಯನ್ನು ಸಂಗ್ರಹಿಸಲಾಗಿದೆ.”

ಹಿರಿಯರು ಎಂದರೆ ಒಬ್ಬರು, ಕೆರೆಯ ಕಡೆ ಹೋಗುವ ದಾರಿಯಲ್ಲಿ ಹೂ ಕಟ್ಟಿ ಮಾರುವ ಅಜ್ಜಿ. ಕನ್ನಡದಲ್ಲಿ ಒಬ್ಬರೇ ಇದ್ದರೂ ಹಿರಿಯರು ಹಿರಿಯರೇ, ವಾಕ್ಯದಲ್ಲಿ ಸುಳ್ಳಿಲ್ಲ. ಆದರೆ ಗೌರವಕ್ಕೆಂದು ಇರುವ ಬಹುವಚನವನ್ನು ನಾನು ತಲೆ ಎಣಿಕೆ ಹಿಗ್ಗಿಸಲು ದುಡಿಸಿಕೊಂಡೆ. ಓದಿದವರು ಕಟ್ಟೆಯ ಮೇಲೆ ಕೂತ ಹತ್ತು ಜನರನ್ನು ಕಲ್ಪಿಸಿಕೊಂಡರೆ ಅದು ಅವರ ತಪ್ಪು ಎಂಬ ಧೈರ್ಯ.

ಇನ್ನು ‘ಮಾಹಿತಿ’. ಅಜ್ಜಿ ಹೇಳಿದ್ದು ಇಷ್ಟು: “ಹೊಸ ಕೆರೆ ಅಂದ್ರೆ ಹೊಸ ಕೆರೆ, ಅದ್ರಲ್ಲಿ ಕೇಳೋದೇನಪ್ಪಾ? ಹಳೇ ಕೆರೆ ಎಲ್ಲೋಯ್ತು ಅಂತ ಕೇಳು.” ಇದರಲ್ಲಿ ಮಾಹಿತಿ ಎಲ್ಲಿದೆ? ಇರುವುದು ಪ್ರಶ್ನೆ, ಅದೂ ಹೆಸರಿನಲ್ಲಿ ‘ಹೊಸ’ ಕಂಡ ಯಾರೂ ಮೊದಲು ಕೇಳಬೇಕಾದದ್ದು. ನನಗೆ ಹೊಳೆದಿರಲಿಲ್ಲ. ಹೊಳೆದ ಮೇಲೂ ಬೆನ್ನುಹತ್ತಲಿಲ್ಲ, ಸಲ್ಲಿಕೆಯ ದಿನ ಹತ್ತಿರವಿತ್ತು. ಅವರ ಪ್ರಶ್ನೆಯನ್ನು ‘ಮಾಹಿತಿ’ ಎಂಬ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆ.

ಮುಚ್ಚಳ ಯಾವುದೆಂದರೆ ಈ ‘ಲಾಗಿದೆ’. ಶಾಲೆಯಲ್ಲಿ ಕಲಿತ ಕರ್ಮಣಿ ಪ್ರಯೋಗಕ್ಕಾದರೂ ಒಂದು ಮರ್ಯಾದೆಯಿದೆ: ರಾಮನಿಂದ ರಾವಣನು ಕೊಲ್ಲಲ್ಪಟ್ಟನು. ಕೃತಕ ವಾಕ್ಯ, ಯಾರೂ ಹಾಗೆ ಮಾತಾಡುವುದಿಲ್ಲ. ಆದರೂ ಕೊಂದವನಿದ್ದಾನೆ, ಸತ್ತವನಿದ್ದಾನೆ, ಕ್ರಿಯಾಪದ ಸತ್ತವನಿಗಾದರೂ ಹೊಂದಿಕೊಳ್ಳುತ್ತದೆ. ‘ಮಾಹಿತಿಯನ್ನು ಸಂಗ್ರಹಿಸಲಾಗಿದೆ’ ಎಂಬಲ್ಲಿ ಕರ್ಮ ದ್ವಿತೀಯಾ ವಿಭಕ್ತಿಯಲ್ಲೇ ಕೂತಿದೆ, ಕರ್ತೃವಿನ ಪೀಠ ಖಾಲಿ. ‘ಶಾಸನಗಳನ್ನು ಓದಲಾಗಿದೆ’ ಎನ್ನಿ, ‘ಊರವರನ್ನು ಭೇಟಿ ಮಾಡಲಾಗಿದೆ’ ಎನ್ನಿ, ಕ್ರಿಯಾಪದ ಯಾರ ಕಡೆಗೂ ತಿರುಗದೆ ನಪುಂಸಕ ಏಕವಚನದಲ್ಲೇ ನಿಂತಿರುತ್ತದೆ. ‘ನನ್ನಿಂದ’ ಎಂದು ಸೇರಿಸಿ ಓದಿ, ವಾಕ್ಯ ಕುಂಟುತ್ತದೆ.

ನಮಗೆ ಇದು ಎಲ್ಲಿಂದ ಬಂತು? ನನ್ನ ಅನುಮಾನ ಕಚೇರಿಯ ಮೇಲೆ. 2020ರ ಅಕ್ಟೋಬರಿನ ಮಳೆಗೆ ಇಲ್ಲಿನ ರಾಜಕಾಲುವೆ ಉಕ್ಕಿ ದತ್ತಾತ್ರೇಯ ನಗರದ ಮನೆಗಳಿಗೆ ನೀರು ನುಗ್ಗಿತು. ಅಂಥ ಹೊತ್ತಿನಲ್ಲಿ ಕಚೇರಿಗನ್ನಡ ಯಾವಾಗಲೂ ಆಡುವುದು ಇದೇ ಧಾಟಿ: ಪರಿಶೀಲಿಸಲಾಗುವುದು, ತೆರವುಗೊಳಿಸಲಾಗುವುದು. ಯಾರು ಎಂದು ಕೇಳಲು ಆ ವಾಕ್ಯದಲ್ಲಿ ಜಾಗವೇ ಇಲ್ಲ. ನಾವು ಅದನ್ನೇ ವಿದ್ವತ್ತಿನ ಭಾಷೆ ಎಂದು ನಂಬಿದೆವು. ನಾವು ಓದುವ ಶಾಸನಗಳಾದರೂ ಹಾಗಿಲ್ಲ. ಬರೆದವನ, ಕಂಡರಿಸಿದವನ ಹೆಸರು ಹೇಳಿ ಮುಗಿಯುವ ಕಲ್ಲುಗಳು ಎಷ್ಟೋ ಇವೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ತಾನು ಕೆತ್ತಿದ ಮೂರ್ತಿಗಳ ಕೆಳಗೆ ಸಹಿ ಹಾಕಿದ. ನಾವು ಮುಖಪುಟದಲ್ಲಿ ಹೆಸರು ಅಚ್ಚು ಹಾಕಿಸಿ ಒಳಗೆ ತಲೆಮರೆಸಿಕೊಳ್ಳುತ್ತೇವೆ.

ಇದನ್ನು ‘ವಸ್ತುನಿಷ್ಠತೆ’ ಎಂದು ಸಮರ್ಥಿಸುವ ವಿಮರ್ಶಕರಿದ್ದಾರೆ. ‘ನಾನು’ ಎಂದರೆ ಅಹಂಕಾರವಂತೆ. ಅಜ್ಜಿ ಒಬ್ಬರೇ ಎಂದು ಒಪ್ಪಿಕೊಳ್ಳುವುದಕ್ಕಿಂತ ವಸ್ತುನಿಷ್ಠವಾದದ್ದು ಏನಿದೆ? ಡಿ.ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಅಷ್ಟು ವಾದಿಸಿದ ಮೇಲೂ ಕನ್ನಡ ವಿಭಾಗಗಳೇ ಈ ವಾಕ್ಯವನ್ನು ಸಾಕುತ್ತಿರುವುದು ತಮಾಷೆ. ಇನ್ನೊಂದು ಗುಂಪು ಕೃತಿಚೌರ್ಯದ ಶೇಕಡಾವಾರು ಹಿಡಿದು ಕೂಗುತ್ತದೆ. ಯುಜಿಸಿಯ 2018ರ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. ನನ್ನ ಪ್ರಬಂಧದಲ್ಲಿ ಬೇರೆಯವರು ಎಷ್ಟಿದ್ದಾರೆ ಎಂದು ತಂತ್ರಾಂಶ ಹೇಳೀತು, ನಾನು ಎಷ್ಟಿದ್ದೇನೆ ಎಂದು ಯಾರು ಹೇಳಬೇಕು? ಮೂರನೆಯವರಂತೂ ಬಿ.ಎ. ಪೂರೈಸದ ಮಂಜೇಶ್ವರದ ಗೋವಿಂದ ಪೈ, ಶಾಲಾ ಮೇಷ್ಟರಾಗಿದ್ದು 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಶಂಬಾ ಜೋಶಿ, ಇವರಿಬ್ಬರನ್ನು ತೋರಿಸಿ ಪದವಿಯೇ ದಂಡ ಎನ್ನುತ್ತಾರೆ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’, ಕಲಬುರ್ಗಿಯವರ ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’ ಎರಡೂ ಪಿಎಚ್.ಡಿ.ಗೆಂದೇ ಬರೆದವು ಎಂಬುದನ್ನು ಅವರು ಜಾಣತನದಿಂದ ಮರೆಯುತ್ತಾರೆ. ಸೋಮಾರಿ ವಾದ.

ಕಿರುಪ್ರಬಂಧದಿಂದ ಲಾಭವೇ ಆಗಲಿಲ್ಲ ಎನ್ನಲಾರೆ. ಅಡಿಟಿಪ್ಪಣಿ ಹಾಕುವುದು ಬಂತು, ಬೆಳಗಿನ ಐದಕ್ಕೆ ಏಳುವುದು ಬಂತು.

ನಾನು ನಿಜವಾಗಿ ಕಲಿತದ್ದು ಯಾರೂ ಹೊಗಳದ ಮೌಖಿಕ ಪರೀಕ್ಷೆಯಲ್ಲಿ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಅದೇ ಪುಟ ತೆರೆದು “ಸಂಗ್ರಹಿಸಿದ್ದು ಯಾರು?” ಎಂದರು. “ನಾನೇ ಸಾರ್.” “ಎಷ್ಟು ಜನ ಹಿರಿಯರು?” “ಒಬ್ಬರು.” ಅವರು ನಗಲಿಲ್ಲ, ಬೈಯಲಿಲ್ಲ, ಪುಟ ತಿರುವಿ ‘ಅಧ್ಯಯನದ ಮಿತಿ’ಗೆ ಬಂದರು. ಅಲ್ಲಿ ‘ಹಳೆಯ ಕಂದಾಯ ದಾಖಲೆಗಳನ್ನು ಪರಿಶೀಲಿಸಲಾಗಿಲ್ಲ’ ಎಂದಿತ್ತು. ಕರಡಿನಲ್ಲಿ ನಾನು ಬರೆದಿದ್ದು ‘ಪರಿಶೀಲಿಸಲಾಗಲಿಲ್ಲ’ ಎಂದು. ಹಾಗೆ ಬರೆದರೆ ನನ್ನ ಕೈಲಿ ಆಗಲಿಲ್ಲ ಎಂದು ಅರ್ಥ. ಒಂದು ಅಕ್ಷರ ಕಿತ್ತರೆ ಸೋಲು ಹೋಗಿ ಶಿಸ್ತು ಬರುತ್ತದೆ. ಪರಿಶೀಲನೆ ನನ್ನ ವ್ಯಾಪ್ತಿಗೇ ಸೇರಿರಲಿಲ್ಲ ಎಂಬ ಗತ್ತು. ಕಿತ್ತಿದ್ದು ಮಾರ್ಗದರ್ಶಕರಲ್ಲ, ನಾನೇ, ಅಚ್ಚಿಗೆ ಕೊಡುವ ಹಿಂದಿನ ರಾತ್ರಿ.

ನನ್ನ ಪ್ರತಿಯಲ್ಲಿ ಆ ಅಕ್ಷರವನ್ನು ಪೆನ್ನಿನಿಂದ ಮತ್ತೆ ಸೇರಿಸಿದ್ದೇನೆ. ವಿಭಾಗದ ಕಪಾಟಿನಲ್ಲಿರುವ ಪ್ರತಿ ಹಾಗೇ ಇದೆ.