ಕೊರ್ಡೋಬದ ಮಹಾಮಸೀದಿ: ಒಂದು ಪ್ರಸಿದ್ಧ ಉಕ್ತಿಯ ಪರಿಶೀಲನೆ

ಸ್ಪೇನ್ ದೇಶದ ಕೊರ್ಡೋಬ ನಗರದ ಮಹಾಮಸೀದಿಯ ಪ್ರಸ್ತಾಪ ಬಂದಲ್ಲೆಲ್ಲ ಚಕ್ರವರ್ತಿ ಐದನೆಯ ಚಾರ್ಲ್ಸನ ಮಾತೊಂದು ಹಿಂಬಾಲಿಸಿ ಬರುವುದು ವಾಡಿಕೆ. ಮಸೀದಿಯ ನಡುವೆ ಇಗರ್ಜಿಯನ್ನು ಕಟ್ಟಲು ಅನುಮತಿಯಿತ್ತ ಆತನು 1526ರಲ್ಲಿ ಅಲ್ಲಿಗೆ ಬಂದು, ಬೇರೆಲ್ಲಿಯೂ ಇಲ್ಲದುದನ್ನು ಕೆಡವಿ ಎಲ್ಲೆಡೆಯೂ ಇರುವುದನ್ನು ಕಟ್ಟಿದಿರಲ್ಲಾ ಎಂದು ಮರುಗಿದನಂತೆ. ನಾವು ತರಗತಿಯಲ್ಲಿ ಇದನ್ನು ರುಚಿಕಟ್ಟಾಗಿ ಹೇಳುತ್ತೇವೆ; ಪ್ರಸ್ತುತ ಲೇಖಕನೂ ಹಲವು ವರ್ಷ ಹೇಳಿದ್ದಾನೆ. ಕಟ್ಟಡವನ್ನು ಕಣ್ಣಾರೆ ಕಂಡ ಮೇಲೆ ಈ ಉಕ್ತಿಯನ್ನು ಮತ್ತೆ ತೂಗಿನೋಡುವುದು ಅಗತ್ಯವೆನಿಸಿತು.

ಕಿತ್ತಳೆ ಮರಗಳ ಅಂಗಳವನ್ನು ದಾಟಿ ಒಳಹೊಕ್ಕರೆ ಮಬ್ಬುಬೆಳಕಿನಲ್ಲಿ ಕಂಬಗಳು, ಕಂಬಗಳ ಹಿಂದೆ ಮತ್ತೆ ಕಂಬಗಳು. ಇಂದು ಉಳಿದಿರುವುವು 850ಕ್ಕೂ ಹೆಚ್ಚು. 8ನೆಯ ಶತಮಾನದ ಕೊನೆಯಲ್ಲಿ ಮೊದಲನೆಯ ಅಬ್ದುರ್ ರಹಮಾನನು ಕೆಲಸ ತೊಡಗಿಸಿದಾಗ ರೋಮನರ ಮತ್ತು ವಿಸಿಗೋಥರ ಹಳೆಯ ಕಟ್ಟಡಗಳ ಕಂಬಗಳನ್ನೇ ಬಳಸಲಾಯಿತು. ಅವು ಗಿಡ್ಡವಾದುದರಿಂದ ಚಾವಣಿಯನ್ನು ಎತ್ತರಿಸಲು ಕಮಾನಿನ ಮೇಲೆ ಕಮಾನನ್ನು ನಿಲ್ಲಿಸಿದರು: ಕುದುರೆಲಾಳದ ಆಕಾರದ ಕೆಳಗಿನದು ಕಂಬಗಳನ್ನು ಬಿಗಿಹಿಡಿಯುತ್ತದೆ, ಅರ್ಧವೃತ್ತದ ಮೇಲಿನದು ಭಾರವನ್ನು ಹೊರುತ್ತದೆ. ಕೆಂಪು ಇಟ್ಟಿಗೆ, ಬಿಳಿಯ ಕಲ್ಲು ಒಂದಾದ ಮೇಲೊಂದರಂತೆ ಸೇರಿ ಪಟ್ಟೆಗಳಾಗಿವೆ. ಕೊರತೆಗೆ ಹೂಡಿದ ಉಪಾಯವೇ ಇಲ್ಲಿ ಸೌಂದರ್ಯವಾಯಿತು. ‘ಮೂರಿಷ್ ಶೈಲಿ’ ಎಂಬ ಒಂದೇ ಹೆಸರು ಇದಕ್ಕೆ ಸಾಲದು. ಕುದುರೆಲಾಳದ ಕಮಾನು ವಿಸಿಗೋಥರಿಗೂ ತಿಳಿದಿತ್ತು. 10ನೆಯ ಶತಮಾನದಲ್ಲಿ ಎರಡನೆಯ ಅಲ್ ಹಕಮನು ಮಾಡಿಸಿದ ಮಿಹ್ರಾಬಿನ ಹೊಳೆಯುವ ಗಾಜುಹರಳಿನ ಕೆಲಸಕ್ಕೆ ನೆರವಾದವನು ಬೈಜಾಂಟಿಯಮ್ಮಿನ ಕ್ರೈಸ್ತ ಚಕ್ರವರ್ತಿಯೆಂದು ಅರಬ್ಬೀ ಇತಿಹಾಸಕಾರರು ಹೇಳುತ್ತಾರೆ.

1236ರಲ್ಲಿ ಮೂರನೆಯ ಫರ್ಡಿನಂಡನು ನಗರವನ್ನು ಗೆದ್ದಾಗ ಮಸೀದಿ ಇಗರ್ಜಿಯಾಯಿತು. ಮುಂದಿನ ಸುಮಾರು 300 ವರ್ಷ ಕ್ರೈಸ್ತರು ಅಲ್ಲಲ್ಲಿ ಮಾರ್ಪಾಟು ಮಾಡಿಕೊಂಡರೂ ಬಹುಭಾಗವನ್ನು ಇದ್ದಂತೆಯೇ ಉಳಿಸಿಕೊಂಡು ಅದರಲ್ಲಿಯೇ ಆರಾಧನೆ ನಡೆಸಿದರು. 1523ರಲ್ಲಿ ಧರ್ಮಾಧ್ಯಕ್ಷ ಅಲೋನ್ಸೊ ಮಾನ್ರಿಕೆ ನಡುಭಾಗವನ್ನು ಕೆಡವಲು ಹೊರಟಾಗ ಅಡ್ಡ ನಿಂತವರಾರು? ಅದೇ ಊರಿನ ಕ್ರೈಸ್ತ ನಗರಸಭೆಯವರು. ಕೆಡಹುವ ಕೆಲಸಕ್ಕೆ ಕೈಹಾಕಿದವನಿಗೆ ಮರಣದಂಡನೆಯೆಂದು ಅವರು ಆಜ್ಞೆ ಹೊರಡಿಸಿದರು. ಇಂತಹ ರಚನೆ ಲೋಕದಲ್ಲಿ ಬೇರೊಂದಿಲ್ಲ, ಕೆಡವಿದರೆ ಮತ್ತೆ ಇದರಂತೆ ಕಟ್ಟಲಾಗದು ಎಂಬುದು ಅವರು ಕೊಟ್ಟ ಕಾರಣ. ವಿವಾದ ಚಕ್ರವರ್ತಿಯವರೆಗೆ ಹೋಯಿತು. ತೀರ್ಪು ಧರ್ಮಾಧ್ಯಕ್ಷನ ಕಡೆಗಾಯಿತು.

ಎಂದ ಮೇಲೆ, ಚಕ್ರವರ್ತಿಯ ಬಾಯಲ್ಲಿಟ್ಟಿರುವ ಮಾತಿನ ತಿರುಳು ಮೂರು ವರ್ಷ ಮೊದಲೇ ನಗರಸಭೆಯ ಆಜ್ಞೆಯಲ್ಲಿದೆ. ಆತನ ಮಾತಿಗಾದರೋ ಸಮಕಾಲೀನ ಆಧಾರವಿಲ್ಲ. 1607ರಲ್ಲಿ ಮುಗಿದ ಇಗರ್ಜಿ 1526ರಲ್ಲಿ ಎಷ್ಟು ಮೇಲೆದ್ದಿದ್ದೀತು? ಇಷ್ಟು ಮರುಗಿದ ಅರಸನೇ ಮರುವರ್ಷ ಗ್ರನಾಡದಲ್ಲಿ ಅಲ್‌ಹಂಬ್ರದ ಅರಮನೆಗಳ ಮಗ್ಗುಲಲ್ಲಿ ತನ್ನ ಅರಮನೆಯ ಕೆಲಸವನ್ನು ತೊಡಗಿಸಿದ್ದೇಕೆ? ಅರಸನ ಪಶ್ಚಾತ್ತಾಪ ನೆನಪಿನಲ್ಲಿ ಉಳಿದು, ಅರಸನನ್ನೂ ಧರ್ಮಾಧ್ಯಕ್ಷನನ್ನೂ ಎದುರಿಸಿದ ಊರವರ ಆಜ್ಞೆ ಅಡಿಟಿಪ್ಪಣಿಗೆ ಇಳಿದದ್ದು ನಮ್ಮ ಬೋಧನೆಯ ದೋಷವಲ್ಲದೆ ಮತ್ತೇನು?

ಇಗರ್ಜಿಯನ್ನು ಕೇವಲ ಹಳಿಯುವುದೂ ನ್ಯಾಯವಲ್ಲ. ಕಂಬಗಳ ಕತ್ತಲೆಯಿಂದ ಹೊರಟು ನಡುವಿಗೆ ಬಂದರೆ ಎತ್ತರದ ಕಿಟಕಿಗಳಿಂದ ಬೆಳಕು ಸುರಿಯುತ್ತದೆ. ಆ ಘಳಿಗೆಯ ಬೆರಗನ್ನು ಅಲ್ಲಗಳೆಯಲಾರೆ. ಕೆಲಸವನ್ನು ವಹಿಸಿಕೊಂಡ ಶಿಲ್ಪಿ ಎರ್ನಾನ್ ರೂಯಿಸನು ಸುತ್ತಲಿನ ಹಳೆಯ ಕಮಾನುಗಳನ್ನು ಪೂರ್ತಿ ಅಳಿಸಲಿಲ್ಲ. ಹೊಸ ಗೋಡೆಗಳ ಮೈಯಲ್ಲಿ ಅವು ಇಂದಿಗೂ ಕಾಣುತ್ತವೆ.