ಉಳದ ನೆಲವೂ ಬೇರಿನ ಉಳುಮೆಯೂ

1943ರಲ್ಲಿ ಒಕ್ಲಹೋಮ ವಿಶ್ವವಿದ್ಯಾನಿಲಯದ ಮುದ್ರಣಾಲಯವು ಪ್ರಕಟಿಸಿದ ಎಡ್ವರ್ಡ್ ಫಾಕ್ನರನ ‘ಪ್ಲೌಮನ್ಸ್ ಫಾಲಿ’ ಎಂಬ ಗ್ರಂಥವು, ಮಣ್ಣನ್ನು ಮಗುಚುವ ನೇಗಿಲೇ ನೆಲದ ಶತ್ರುವೆಂದು ಸಾರಿತು. ಈ ಆರೋಪದಲ್ಲಿ ಸತ್ಯಾಂಶವುಂಟು. ಉಳುಮೆಯು ಮಣ್ಣಿನ ಕಣಗುಚ್ಛಗಳನ್ನು ಒಡೆದು, ಹೊದಿಕೆಯಿಲ್ಲದ ನೆಲವನ್ನು ಮಳೆಹನಿಯ ಹೊಡೆತಕ್ಕೆ ಒಡ್ಡುತ್ತದೆ. ಆದರೆ ನೇಗಿಲನ್ನು ತೊರೆದ ಮಾತ್ರಕ್ಕೆ ನೆಲವು ತಾನಾಗಿ ಹದಗೊಳ್ಳುವುದೆಂಬ ತೀರ್ಮಾನವನ್ನು ನಾವು ಒಪ್ಪಲಾರೆವು. ಫಾಕ್ನರನಾದರೂ ಬೆಳೆಯ ಉಳಿಕೆಗಳನ್ನು ಮೇಲ್ಮಣ್ಣಿನಲ್ಲಿ ಬೆರೆಸಬೇಕೆಂದನೇ ಹೊರತು, ನೆಲವನ್ನು ಮುಟ್ಟಲೇಬಾರದೆಂದಿರಲಿಲ್ಲ.

ಈ ತೀರ್ಮಾನವನ್ನು ಒರೆಗೆ ಹಚ್ಚಲು ಬ್ರೆಜಿಲ್ ದೇಶದ ಪರನಾ ರಾಜ್ಯವು ತಕ್ಕ ನಿದರ್ಶನ. ಅಲ್ಲಿಯ ರೋಲಾಂಡಿಯಾದಲ್ಲಿ ಹರ್ಬರ್ಟ್ ಬಾರ್ಟ್ಸ್ ಎಂಬ ಕೃಷಿಕನು ಮಣ್ಣಿನ ಕೊಚ್ಚಣೆಯನ್ನು ತಡೆಯಲೆಂದು 1972ರಲ್ಲಿ ಉಳದೆಯೇ ಬಿತ್ತತೊಡಗಿದನು. ಪದ್ಧತಿಯು ಫಲಕಾರಿಯೆನಿಸಿ ವಿಶಾಲವಾಗಿ ಹಬ್ಬಿತು. ಆದರೆ ವರ್ಷವರ್ಷವೂ ಸೋಯಾ ಅವರೆಯ ಹಿಂದೆ ಗೋಧಿ ಇಲ್ಲವೆ ಮುಸುಕಿನ ಜೋಳವನ್ನಷ್ಟೇ ಬೆಳೆದ ಜೇಡಿನೆಲಗಳಲ್ಲಿ, ಭಾರಯಂತ್ರಗಳ ತುಳಿತದಿಂದ ಸುಮಾರು 7ರಿಂದ 20 ಸೆಂಟಿಮೀಟರ್ ಆಳದಲ್ಲಿ ಗಟ್ಟಿ ಪದರವು ಕಾಣಿಸಿಕೊಳ್ಳುತ್ತದೆ. ಅದನ್ನು ಸಡಿಲಿಸಲು ಅಲ್ಲಿ ನೇಗಿಲಿಲ್ಲ. ಆ ಹೊಣೆ ಬೇರುಗಳದು.

ಬೆಳೆ ಪರಿವರ್ತನೆಯ ಮಹತ್ವವಿರುವುದು ಇಲ್ಲಿಯೇ. ಕಪ್ಪು ಓಟ್ಸಿನ ದಟ್ಟವಾದ ಜಡೆಬೇರುಗಳು ಕಣಗಳನ್ನು ಹೆಣೆದು ಗುಚ್ಛವಾಗಿಸುತ್ತವೆ. ಮೇವಿನ ಮೂಲಂಗಿ ಹಾಗೂ ಲ್ಯುಪಿನ್ ಗಿಡಗಳ ತಾಯಿಬೇರುಗಳು ಆಳಕ್ಕಿಳಿದು, ಕೊಳೆತ ಬಳಿಕ ನೀರಿಗೂ ಗಾಳಿಗೂ ಮುಂದಿನ ಬೆಳೆಯ ಬೇರಿಗೂ ದಾರಿಯನ್ನು ಉಳಿಸಿಹೋಗುತ್ತವೆ. ಸೋಯಾದ ಉಳಿಕೆ ಬೇಗನೆ ಕರಗಿದರೆ, ಓಟ್ಸ್ ಮತ್ತು ಜೋಳದ ದಂಟು ಬಹುಕಾಲ ನೆಲವನ್ನು ಹೊದೆದಿರುತ್ತದೆ.

ಪರೀಕ್ಷಾಕ್ರಮದ ಬಗೆಗೂ ನಮ್ಮದೊಂದು ಆಕ್ಷೇಪವುಂಟು. ಸ್ಥೂಲಸಾಂದ್ರತೆಯೊಂದನ್ನೇ ಅಳೆದು ಉಳದ ನೆಲವನ್ನು ಹಳಿಯುವುದು ನ್ಯಾಯವಲ್ಲ. ಸಾಂದ್ರತೆ ಹೆಚ್ಚಿದ್ದರೂ, ಬೇರು ಮತ್ತು ಎರೆಹುಳುಗಳು ಕೊರೆದ ರಂಧ್ರಗಳು ಅಖಂಡವಾಗಿದ್ದರೆ ನೀರು ಇಂಗೀತು. ಬೇರಿನ ಬೆಳವಣಿಗೆಗೆ ಮಿತಿಯೆಂದು ರೂಢಿಯಲ್ಲಿರುವ 2 ಮೆಗಾಪಾಸ್ಕಲ್ ಪ್ರತಿರೋಧವನ್ನೂ ಇಂತಹ ನೆಲಕ್ಕೆ ವಿವೇಚನೆಯಿಂದ ಅನ್ವಯಿಸಬೇಕು. ಸಾಂದ್ರತೆಯೊಡನೆ ನೀರಿಂಗುವ ವೇಗ, ಕಣಗುಚ್ಛಗಳ ಸ್ಥಿರತೆ, ರಂಧ್ರಗಳ ಸಂಬಂಧ ಇವನ್ನೂ ನೋಡತಕ್ಕದ್ದು.

ಪರಿವರ್ತನೆಯ ಫಲ ನಿಧಾನವಾದುದು. ಹಲವು ವರ್ಷಗಳನ್ನು ಬೇಡುತ್ತದೆ. ಓಟ್ಸಿಗೂ ಮೂಲಂಗಿಗೂ ಸೋಯಾದಷ್ಟು ಮಾರುಕಟ್ಟೆಯಿಲ್ಲವಾದ್ದರಿಂದ ಆ ವರ್ಷಗಳ ವೆಚ್ಚವನ್ನು ಕೃಷಿಕನೇ ಹೊರಬೇಕಾಗುತ್ತದೆ. ಉಳದಿದ್ದರೆ ಸಾಕೆಂಬ ನಂಬುಗೆಯಿಂದ ಪರನಾದ ಅನೇಕರು ಇಳಿಜಾರಿನ ಒಡ್ಡುಗಳನ್ನೂ ಕಿತ್ತರು; ಇಂಗದ ನೀರು ಮತ್ತೆ ಮಣ್ಣನ್ನು ಒಯ್ದಿತು. ಆದುದರಿಂದ ಹೊಲವನ್ನು ಉತ್ತರೋ ಇಲ್ಲವೋ ಎಂದು ಕೇಳಿದ ವಿದ್ಯಾರ್ಥಿಯು, ಒಂದರ ಹಿಂದೊಂದು ಏನನ್ನು ಬಿತ್ತಿದರೆಂಬುದನ್ನೂ ಅವಶ್ಯವಾಗಿ ಕೇಳಬೇಕು.