ಗಾಯದ ಅಳತೆ ಸಾಲದು

ಲ್ಯಾಪರೋಸ್ಕೋಪಿ, ಅಂದರೆ ಉದರದರ್ಶಕ ಶಸ್ತ್ರಚಿಕಿತ್ಸೆಯನ್ನು ಕುರಿತ ಜನಪ್ರಿಯ ಬರಹಗಳಲ್ಲಿ ಒಂದು ತರ್ಕ ಪದೇ ಪದೇ ಕಾಣಿಸುತ್ತದೆ: ಗಾಯ ಚಿಕ್ಕದು, ಆದ್ದರಿಂದ ಸೋಂಕಿನ ಭಯವಿಲ್ಲ. ಗಾಯ ಚಿಕ್ಕದೆಂಬುದು ನಿಜ. ತೆರೆದ ಶಸ್ತ್ರಚಿಕಿತ್ಸೆಗಿಂತ ಇಲ್ಲಿ ಗಾಯದ ಸೋಂಕು ಕಡಿಮೆ ಎಂಬುದೂ ನಿಜ. ಆದರೆ 'ಭಯವಿಲ್ಲ' ಎಂಬ ತೀರ್ಮಾನ ಸರಿಯಲ್ಲ. ನಾನು ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ನನ್ನ ಆಕ್ಷೇಪವಿರುವುದು ಅಳತೆಯ ಬಗ್ಗೆ.

5 ಮಿ.ಮೀ. ವ್ಯಾಸದ ರಂಧ್ರದ ವಿಸ್ತೀರ್ಣ ಸುಮಾರು 0.2 ಚದರ ಸೆಂ.ಮೀ. ಅದರ ಮೂಲಕ ಒಳಹೋಗುವ, ಅಷ್ಟೇ ದಪ್ಪದ 33 ಸೆಂ.ಮೀ. ಉದ್ದದ ಉಪಕರಣದ ಹೊರಮೈಯೇ ಸುಮಾರು 52 ಚದರ ಸೆಂ.ಮೀ. ಒಳಗಿನ ಸರಳು, ತುದಿಯ ಕೀಲು, ಸಂದುಗಳ ಲೆಕ್ಕ ಬೇರೆ. ರಕ್ತ ಮತ್ತು ಅಂಗಾಂಶದ ಚೂರುಗಳು ಉಳಿದುಕೊಳ್ಳುವುದು ಅಲ್ಲಿಯೇ. ಉಪಕರಣವನ್ನು ಬಿಚ್ಚಿ, ಉಜ್ಜಿ ತೊಳೆಯದಿದ್ದರೆ ಯಾವ ರಾಸಾಯನಿಕವೂ ಆ ಸಂದುಗಳನ್ನು ಸರಿಯಾಗಿ ತಲುಪದು.

ಅನೇಕ ಕಡೆ ಉಪಕರಣಗಳನ್ನು ಶೇ. 2ರ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಸುಮಾರು 20 ನಿಮಿಷ ಅದ್ದಿಡುವುದು ರೂಢಿ. ಆದರೆ ಬೀಜಾಣುಗಳೂ ಸೇರಿದಂತೆ ಎಲ್ಲ ಸೂಕ್ಷ್ಮಜೀವಿಗಳ ನಾಶಕ್ಕೆ ಇದೇ ದ್ರಾವಣದಲ್ಲಿ 10 ಗಂಟೆ ಬೇಕು. ಬಳಿಕ ಶುದ್ಧವಲ್ಲದ ನೀರಿನಲ್ಲಿ ತೊಳೆದರೆ ಆ ಶ್ರಮವೂ ವ್ಯರ್ಥ. ಮೇಣದಂಥ ಕವಚವುಳ್ಳ ಕೆಲವು ಮೈಕೋಬ್ಯಾಕ್ಟೀರಿಯಗಳು ನೀರಿನಲ್ಲಿ ಸಾಮಾನ್ಯ. 2006ರಲ್ಲಿ ಪ್ರಕಟವಾದ ಭಾರತದ ವರದಿಯೊಂದು ಇಂಥ ಸೋಂಕಿನ ಮೂಲವನ್ನು ಉಪಕರಣ ತೊಳೆದ ನೀರಿನಲ್ಲಿ ಗುರುತಿಸಿತು. ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ 2006-07ರಲ್ಲಿ ಸಾವಿರಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು. ಅಲ್ಲಿ ಸಿಕ್ಕ ತಳಿ ಶೇ. 2ರ ಗ್ಲುಟರಾಲ್ಡಿಹೈಡನ್ನೂ ತಾಳಿಕೊಂಡಿತ್ತು. 2009ರಲ್ಲಿ ಆ ದೇಶ ಇಂಥ ಉಪಕರಣಗಳನ್ನು ದ್ರಾವಣದಲ್ಲಿ ಅದ್ದಿ ಶುದ್ಧೀಕರಿಸುವುದನ್ನೇ ನಿಷೇಧಿಸಿತು.

ಶಾಖ ತಾಳುವ ಉಪಕರಣಗಳಿಗೆ ಒತ್ತಡದ ಉಗಿಯೇ ಲೇಸು. 100 ಡಿಗ್ರಿ ಸೆ.ನಲ್ಲಿ ಒಂದು ಗ್ರಾಂ ಉಗಿ ನೀರಾಗುವಾಗ ಸುಮಾರು 540 ಕ್ಯಾಲೊರಿ ಶಾಖ ಬಿಡುಗಡೆಯಾಗುತ್ತದೆ. ಆಟೋಕ್ಲೇವಿನ ಬಲವೂ ಈ ಗುಪ್ತೋಷ್ಣವೇ. ಆದರೆ ಕೊಳವೆಯಲ್ಲಿ ಗಾಳಿ ಉಳಿದರೆ ಉಗಿ ಒಳಹೋಗದು. ಮೊದಲು ಗಾಳಿಯನ್ನು ಹೊರಗೆಳೆಯಬೇಕು. ಶಾಖ ತಾಳದ ಉಪಕರಣಗಳಿಗೆ ಎಥಿಲೀನ್ ಆಕ್ಸೈಡ್ ಅಥವಾ ಹೈಡ್ರೊಜನ್ ಪೆರಾಕ್ಸೈಡ್ ಪ್ಲಾಸ್ಮಾ ವಿಧಾನಗಳಿವೆ.

ಚಿಕಿತ್ಸೆಯ ಬಗ್ಗೆಯೂ ನಮ್ಮ ಬರಹಗಳು ಮೌನ. ಈ ಸೋಂಕು ಗಾಯ ಮಾಗಿದ ಮೇಲೆ, ವಾರಗಳು ಕಳೆದು, ಗಂಟಾಗಿ ಅಥವಾ ಕೀವಾಗಿ ಕಾಣಿಸಿಕೊಳ್ಳುತ್ತದೆ. ರೂಢಿಯ ಪ್ರತಿಜೈವಿಕಗಳಿಗೆ ಬಗ್ಗದು. ಸೂಕ್ಷ್ಮದರ್ಶಕದಲ್ಲಿ ಕ್ಷಯದ ರೋಗಾಣುವೆಂದು ಭ್ರಮೆ ಹುಟ್ಟಿಸಬಹುದು. ಕ್ಷಯದ ಸಾಮಾನ್ಯ ಔಷಧಗಳಿಂದ ಗುಣವಾಗದು. ಆದ್ದರಿಂದ ಕೀವನ್ನು ಮೈಕೋಬ್ಯಾಕ್ಟೀರಿಯಕ್ಕಾಗಿಯೇ ಕೃಷಿ ಪರೀಕ್ಷೆಗೆ ಕಳಿಸಬೇಕು. ಅದರ ಫಲಿತಾಂಶದಂತೆ ಕ್ಲಾರಿಥ್ರೊಮೈಸಿನ್, ಅಮಿಕಾಸಿನ್ ಮೊದಲಾದವನ್ನು ತಿಂಗಳುಗಟ್ಟಲೆ ಕೊಡಬೇಕಾಗುತ್ತದೆ. ಕೆಲವೊಮ್ಮೆ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ.

'ಎಷ್ಟು ಚಿಕ್ಕ ರಂಧ್ರ?' ಎಂದು ಕೇಳಲು ನಾವು ಓದುಗರಿಗೆ ಕಲಿಸಿದ್ದೇವೆ. 'ಉಪಕರಣವನ್ನು ಹೇಗೆ ಶುದ್ಧಗೊಳಿಸುತ್ತೀರಿ?' ಎಂದು ಕೇಳುವುದನ್ನೂ ಕಲಿಸಿದ್ದರೆ ನಮ್ಮ ವಿಜ್ಞಾನ ಬರವಣಿಗೆ ಹೆಚ್ಚು ಉಪಯುಕ್ತವಾಗುತ್ತಿತ್ತು.